ಹೊಸ್ತಿಲೊಳಗಿನ ರಾಯಭಾರ

ಪ್ರೌಢಶಾಲೆಯ ಇತಿಹಾಸದ ಪುಸ್ತಕದಲ್ಲಿ ಈ ಪ್ರಕರಣಕ್ಕೆ ಒಂದು ಪ್ಯಾರಾ ಕೊಟ್ಟಿದ್ದಾರೆ. ನದಿಯ ನಡುವಿನ ದಿಬ್ಬವೊಂದರ ಬಗ್ಗೆ ಎರಡು ರಾಷ್ಟ್ರಗಳಿಗೆ ವಿವಾದವಾಯಿತೆಂದೂ, ನೆರೆರಾಷ್ಟ್ರದ ರಾಯಭಾರಿ ತಮ್ಮ ಸಿಬ್ಬಂದಿಯೊಡನೆ ಕೆಲವು ತಿಂಗಳು ಗಡಿಪಟ್ಟಣದ ಖಾಸಗಿ ನಿವಾಸವೊಂದರಲ್ಲಿ ಉಳಿಯಬೇಕಾಯಿತೆಂದೂ, ಕೊನೆಗೆ ಉಭಯ ಸರ್ಕಾರಗಳ ದೂರದೃಷ್ಟಿಯಿಂದ ಬಿಕ್ಕಟ್ಟು ಬಗೆಹರಿಯಿತೆಂದೂ ಅದರಲ್ಲಿದೆ. ಆ ಖಾಸಗಿ ನಿವಾಸ ನನ್ನದು. ದೂರದೃಷ್ಟಿ ಎಂಬುದನ್ನು ಆ ದಿನಗಳಲ್ಲಿ ನಾನು ಯಾರ ಕಣ್ಣಲ್ಲೂ ಕಾಣಲಿಲ್ಲ. ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ನೋಡಿದ್ದನ್ನು ನೋಡಿದ ಕ್ರಮದಲ್ಲಿ ಹೇಳುವುದು ನನಗೆ ಅಭ್ಯಾಸ. ಹಾಗೆಯೇ ಹೇಳುತ್ತೇನೆ.

ನಮ್ಮೂರಿನಲ್ಲಿ 'ಬನ್ನಿ' ಎನ್ನಿಸಿಕೊಂಡು ಒಂದು ಮನೆಯ ಒಳಗೆ ಹೋದವರು, ಕರೆದವರ ಬಾಯಿಂದಲೇ 'ಹೋಗಿ ಬನ್ನಿ' ಎನ್ನಿಸಿಕೊಂಡು, ತಾವೂ 'ಬರ್ತೀನಿ' ಎಂದ ಮೇಲೆಯೇ ಹೊಸ್ತಿಲು ದಾಟಬಲ್ಲರು. ಅಲ್ಲಿಯವರೆಗೆ ಕಾಲು ಹೊಸ್ತಿಲ ಒಳಗೇ ನಿಲ್ಲುತ್ತದೆ. ಎಳೆದರೂ ಬರುವುದಿಲ್ಲ, ನೂಕಿದರೂ ಹೋಗುವುದಿಲ್ಲ. ಕಿಟಕಿಗೂ ಹಿತ್ತಲ ಬಾಗಿಲಿಗೂ ಇದೇ ಮಾತು. ಎರಡೂ ಕಡೆಯ ಮಾತು ಮನಸ್ಸಿನಿಂದ ಬಂದಿರಬೇಕು, ಬಾಯುಪಚಾರಕ್ಕೆ ಹೊಸ್ತಿಲು ಬಗ್ಗುವುದಿಲ್ಲ. ಆದ್ದರಿಂದ ನಮ್ಮ ಅಂಗಡಿಯವರು ಗಿರಾಕಿಯನ್ನು ಕಂಡರೆ ಬನ್ನಿ ಎನ್ನದೆ 'ಏನು ಕೊಡ್ಲಿ?' ಎನ್ನುತ್ತಾರೆ. ಬೇರೆ ಊರುಗಳಲ್ಲಿ ಬಸ್ ಕಂಡಕ್ಟರು 'ಬನ್ನಿ ಬನ್ನಿ' ಎಂದು ಕೂಗುತ್ತಾರಂತೆ, ಇಲ್ಲಿ ಸೀಟಿ ಊದುತ್ತಾರೆ. ಬೀಗರ ಜೊತೆ ಜಗಳ ಆಡಬೇಕಾದವರು ಮೊದಲು ಒಳ್ಳೆಯ ಮಾತಿನಲ್ಲಿ ಬೀಳ್ಕೊಟ್ಟು, ಅವರು ಬೀದಿಗಿಳಿದ ಮೇಲೆ ಶುರುಮಾಡುತ್ತಾರೆ. ಕಳ್ಳನನ್ನು ಯಾರೂ ಕರೆಯದ ಕಾರಣ ಅವನೊಬ್ಬನೇ ಸಲೀಸಾಗಿ ಬಂದು ಹೋಗುತ್ತಾನೆ ಎಂದು ನನ್ನ ತಂದೆ ನಗುತ್ತಿದ್ದರು. ಮನೆಯವರಿಗೆ ಮಾತ್ರ ಇದಾವುದರ ತೊಡಕೂ ಇಲ್ಲ.

ನದಿಯಾಚೆಗಿನ ದೇಶದವರ ಭಾಷೆಯೂ ನಮ್ಮದೇ. ನಾವು 'ಬನ್ನಿ' ಎಂದರೆ ಅವರು 'ಬರ್ರಿ' ಎನ್ನುತ್ತಾರೆ, 'ಮೇಡಂ' ಎಂದರೆ 'ಬಾಯಾರ' ಎನ್ನುತ್ತಾರೆ. ಹೊಸ್ತಿಲುಗಳು ಮಾತ್ರ ಅಲ್ಲಿ ಬರೀ ಮರ. ಜನರನ್ನು ಹಿಡಿದಿಡಲು ಅವರಿಗೆ ಬೀಗ ಬೇಕು.

ಆ ಬೀಗವೊಂದರ ಹಿಂದೆ ನನ್ನ ತಮ್ಮ ಉಮಾಪತಿ ಇದ್ದ. ಅವನು ನೀರಾವರಿ ಇಲಾಖೆಯಲ್ಲಿ ನದಿಯ ಹೂಳು ಅಳೆಯುವ ಕೆಲಸದವನು. ದೋಣಿಯಲ್ಲಿ ನಡುನೀರಿಗೆ ಹೋಗಿ, ಹಗ್ಗ ಕಟ್ಟಿದ ಭಾರವಾದ ಕಬ್ಬಿಣದ ಸೀಸೆಯನ್ನು ಇಳಿಬಿಟ್ಟು, ತಳದ ನೀರನ್ನು ಮೇಲೆ ತಂದು, ಅದರಲ್ಲಿ ಎಷ್ಟು ಮಣ್ಣಿದೆ ಎಂದು ನೋಡುತ್ತಿದ್ದ. ಆ ವರ್ಷ ನದಿಯ ನಡುವೆ ಒಂದು ಮರಳುದಿಬ್ಬ ತಲೆಯೆತ್ತಿತ್ತು. ಎರಡು ಎಮ್ಮೆ ಮಲಗಿದರೆ ಮೂರನೆಯದಕ್ಕೆ ಜಾಗವಿಲ್ಲದಷ್ಟು ದಿಬ್ಬ. ಅದು ತನ್ನದೆಂದು ಎರಡೂ ರಾಜಧಾನಿಗಳು ಸಾರಿದವು. ಅದೇ ವಾರ ಉಮಾಪತಿಯ ದೋಣಿ ಸೆಳವಿಗೆ ಸಿಕ್ಕಿ ಆಚೆ ದಡಕ್ಕೆ ಹೋಗಿ ನಿಂತಿತು. ಗೂಢಚಾರನೆಂದು ಅವನನ್ನು ಹಿಡಿದು ಒಳಗೆ ಹಾಕಿದರು. ತಾಯಿತಂದೆ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನು. ನನಗೆ ಅವನು, ಅವನಿಗೆ ನಾನು, ಅಷ್ಟೇ ನಮ್ಮ ಮನೆ.

ನಮ್ಮ ಅಮಲ್ದಾರ್ ಪುಟ್ಟಸ್ವಾಮಯ್ಯನವರು ಒಂದು ಸಂಜೆ ಶಾಲೆಗೇ ಬಂದರು. "ಮೇಡಂ, ನಮ್ಮೂರಲ್ಲೇ ಕಚೇರಿ ಇಟ್ಕೊಂಡಿರೋ ಆಚೆ ದೇಶದ ರಾಯಭಾರಿ ಹಾದಿಮನಿಯವರನ್ನ ಒಂದು ಊಟಕ್ಕೆ ಕರೀರಿ. ಎಲೆ ಮುಂದೆ ಕೂರಿಸಿ ತಮ್ಮನ ವಿಷಯ ಎತ್ತಿದ್ರೆ ಯಾವ ಮನುಷ್ಯ ಆಗಲ್ಲ ಅಂತಾನೆ?"

"ಅವರು ನಮ್ಮೂರಲ್ಲಿ ಯಾರ ಮನೆಗೂ ಕಾಲಿಡಲ್ಲ ಅಂತಾರಲ್ಲ?"

"ನಾನು ಕರೆದ್ರೆ ಇಡಲ್ಲ. ನೀವು ಕರೆದ್ರೆ ಇಡ್ತಾರೆ. ಟೀಚರು ಅಂದ್ರೆ ಎಲ್ಲಾ ಕಡೆ ಒಂದು ಬೆಲೆ ಇದೆ."

ನಾನು ಕರೆದೆ. ಅವರು ಬಂದರು. ಎತ್ತರದ ಆಳು, ಬಿಳಿಯ ರುಮಾಲು, ಬಾಗಿದ ಮೂಗಿನ ಮೇಲೆ ಕನ್ನಡಕ. ಹಿಂದೆ ಬೆರಳಚ್ಚಿನ ಹುಡುಗಿ ಗಿರಿಜಾ, ಅಡುಗೆಯ ಮೈಬೂಬಸಾಬರು, ಇಬ್ಬರು ಗುಮಾಸ್ತರು. ರಾಯಭಾರಿ ಮೆಟ್ಟಿಲ ಮೇಲೆ ನಿಂತು ಹೊಸ್ತಿಲನ್ನೇ ನೋಡಿದರು.

"ಬಾಯಾರ, ನಿಮ್ಮೂರ ಹೊಸ್ತಿಲದ ಸುದ್ದಿ ನಾ ಕೇಳೇನಿ. ಇಷ್ಟು ವರ್ಷ ಯಾರ ಮನೀಗೂ ಹೋಗಿಲ್ಲ. ನಿಮ್ಮ ಮಾತಿನ ಮ್ಯಾಲ ನಂಬಿಕಿ ಇಟ್ಟು ಬರಾಕತ್ತೀನಿ."

"ಬನ್ನಿ" ಎಂದೆ. ಮನಸಾರೆ ಎಂದೆ.

ಊಟ ಮುಗಿದು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಉಮಾಪತಿಯ ಹೆಸರು ಎತ್ತಬೇಕು ಎನ್ನುವಷ್ಟರಲ್ಲಿ ಅಮಲ್ದಾರರು ಯಾರೂ ಕರೆಯದೆ ಒಳಗೆ ಬಂದರು. ಸರ್ಕಾರ ಯಾವಾಗಲೂ ಕರೆಯದೆ ಬರುತ್ತದೆ, ಆದ್ದರಿಂದಲೇ ಅದಕ್ಕೆ ಹೋಗಲು ಕಷ್ಟವಿಲ್ಲ. ಅವರು ನನ್ನನ್ನು ಅಡುಗೆಮನೆಯ ಕಡೆ ಕರೆದು ಪಿಸುಗುಟ್ಟಿದರು. "ಬೀಳ್ಕೊಡಬೇಡಿ. ರಾಜಧಾನಿಯಿಂದ ಅಪ್ಪಣೆ ಆಗಿದೆ."

"ಇದೇನು ಮಾತು? ಊಟಕ್ಕೆ ಕರೆದಿದ್ದೀನಿ ನಾನು."

"ಕರೆದಿದ್ದೀರಿ. ಇನ್ನು ಕಳಿಸಬೇಡಿ ಅಷ್ಟೇ. ಇವರು ನಮ್ಮ ಹತ್ರ ಇರೋ ತನಕ ನಿಮ್ಮ ತಮ್ಮನ ಕೂದಲು ಕೊಂಕಲ್ಲ. ಈಗ ಹೋಗಿ ಬನ್ನಿ ಅಂದ್ರೋ, ಅವನನ್ನ ನೀವೇ ಕೈಬಿಟ್ಟ ಹಾಗೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಅವರ ತರ್ಕದಲ್ಲಿ ತಪ್ಪು ಕಾಣಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ನಿಂತೆ. ಹಾದಿಮನಿಯವರು ನನ್ನ ಮುಖ ನೋಡಿದರು, ಅಮಲ್ದಾರರ ಮುಖ ನೋಡಿದರು. ಬಾಯಿಗೆ ಹಾಕಬೇಕೆಂದು ಮಡಿಚಿದ್ದ ವೀಳ್ಯದೆಲೆಯನ್ನು ಬಿಡಿಸಿ ತಿರುಗಿ ತಟ್ಟೆಯಲ್ಲಿಟ್ಟರು.

"ಊಟ ಛಲೋ ಇತ್ತು ಬಾಯಾರ" ಎಂದರು. ಆಮೇಲೆ ಬಹಳ ಕಾಲ ನನ್ನೊಡನೆ ಮಾತಾಡಲಿಲ್ಲ.

ನಮ್ಮ ಸರ್ಕಾರ ಜಗತ್ತಿಗೆಲ್ಲ ಒಂದು ಹೇಳಿಕೆ ಕೊಟ್ಟಿತು: ಇವರು ಒತ್ತೆಯಾಳುಗಳಲ್ಲ, ಅತಿಥಿಗಳು, ಇವರ ಮೇಲೆ ಯಾರೂ ಕೈಹಾಕಿಲ್ಲ, ಹಾಕುವುದೂ ಇಲ್ಲ. ಅಕ್ಷರಶಃ ನಿಜ. ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ದೂರ ದೂರದ ಪತ್ರಿಕೆಯವರು ಬೀದಿಯಲ್ಲಿ ನಿಂತು ನೋಡಿದರೆ ಒಳಗೆ ಗಿರಿಜಾ ತಲೆಗೂದಲು ಒಣಗಿಸುತ್ತಿದ್ದಳು, ಗುಮಾಸ್ತರು ಇಸ್ಪೀಟು ಆಡುತ್ತಿದ್ದರು. ಗೇಟಿನ ಬಳಿ ಇಬ್ಬರು ಪೊಲೀಸರಿದ್ದದ್ದು ಅವರನ್ನು ಕಾಯಲು ಅಲ್ಲ, ನನ್ನ ಬಾಯನ್ನು ಕಾಯಲು.

ಒಂದು ಮನೆಯಲ್ಲಿ ಜೊತೆಗಿದ್ದ ಮೇಲೆ ದಿನಗಳು ತಮ್ಮಷ್ಟಕ್ಕೆ ಒಂದು ಜಾಡು ಹಿಡಿಯುತ್ತವೆ. ನನ್ನ ಸಾರು ತೆಳ್ಳಗೆಂದು ಮೊದಲ ವಾರವೇ ಮೈಬೂಬಸಾಬರು ಅಡುಗೆಮನೆಯನ್ನು ವಶಪಡಿಸಿಕೊಂಡರು. "ಇದು ಸಾರಲ್ಲ ಅಕ್ಕಾರ, ಕೈ ತೊಳ್ಕೊಂಡ ನೀರು" ಎಂದು ಮುಖಕ್ಕೇ ಹೇಳಿದರು. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂದು ಕೇಳಿ, ಬೆಳಗಾದರೆ ರೊಟ್ಟಿ ಬಡಿಯುವ ಸದ್ದು. ಗಿರಿಜಾ ನನ್ನ ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಅಂಕ ಕೂಡಿಕೊಡುತ್ತಿದ್ದಳು. ಒಬ್ಬ ಹುಡುಗಿ 'ಜಡತ್ವವೆಂದರೆ ನಮ್ಮ ಮನೆಗೆ ಬಂದಿರುವ ಅತ್ತೆ' ಎಂದು ಬರೆದದ್ದನ್ನು ಓದಿ ಅವಳು ನಕ್ಕ ನಗು ಬೀದಿಯವರೆಗೆ ಕೇಳಿ, ಪೊಲೀಸರು ಏನಾಯಿತೆಂದು ಇಣುಕಿದರು. ರಾಯಭಾರಿ ಮಾತ್ರ ಉಮಾಪತಿಯ ಕೋಣೆಯಲ್ಲಿ ಕುಳಿತೇ ಇರುತ್ತಿದ್ದರು. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ನಾನು ಎದುರಾದರೆ ಗೋಡೆ ನೋಡುತ್ತಿದ್ದರು.

ಇತ್ತ ಎರಡು ರಾಜಧಾನಿಗಳ ನಡುವೆ ಮಾತುಕತೆ ನಡೆದಿತ್ತು. ದಿಬ್ಬದ ಮಾತು ಪಕ್ಕಕ್ಕೆ ಸರಿದು ಒಂದು ಶಬ್ದದ ಮೇಲೆ ಬಂದು ನಿಂತಿತ್ತು. 'ಹೋಗಿ ಬನ್ನಿ'ಯಲ್ಲಿನ 'ಬನ್ನಿ' ಎಂಬುದು ಆಹ್ವಾನ, ಅದಕ್ಕೆ ಒಪ್ಪಿದರೆ ಇನ್ನೊಮ್ಮೆ ಸೆರೆಯಾಗಲು ನಮ್ಮ ರಾಯಭಾರಿ ಈಗಲೇ ಒಪ್ಪಿದಂತಾಗುತ್ತದೆ ಎಂದು ಆಚೆ ದೇಶದ ವಕೀಲರು ತಕರಾರು ತೆಗೆದರು. ಶತ್ರುವನ್ನು ಮತ್ತೆ ಬಾ ಎನ್ನುವುದು ರಾಷ್ಟ್ರಕ್ಕೆ ಅಗೌರವ ಎಂದು ನಮ್ಮ ವಕೀಲರು ಹೇಳಿದರು. ಎಂದೂ ಯಾವುದಕ್ಕೂ ಒಮ್ಮತವಾಗದವರು ಇದೊಂದಕ್ಕೆ ಸುಲಭವಾಗಿ ಒಪ್ಪಿ, 'ಬನ್ನಿ'ಯನ್ನು ಕತ್ತರಿಸಿ ಹಾಕಿದರು. ಒಪ್ಪಂದದ ಪ್ರಕಾರ ನಾನು 'ತಾವು ನಿರ್ಗಮಿಸಬಹುದು' ಎನ್ನಬೇಕು, ಅವರು 'ನಿರ್ಗಮಿಸುತ್ತೇನೆ' ಎನ್ನಬೇಕು. ಅದೇ ಹೊತ್ತಿಗೆ ಆಚೆ ದಡದಲ್ಲಿ ಉಮಾಪತಿಯನ್ನು ದೋಣಿ ಹತ್ತಿಸುತ್ತಾರೆ.

"ಇದರಿಂದ ಆಗಲ್ಲ" ಎಂದು ಅಮಲ್ದಾರರಿಗೆ ಹೇಳಿದೆ. "ನೀವು ಇದೇ ಊರಲ್ಲಿ ಹುಟ್ಟಿದವರು. ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತು ಮೇಡಂ. ಆದ್ರೆ ಎರಡು ದೇಶದ ಮೊಹರು ಬಿದ್ದಿದೆ. ಹೊಸ್ತಿಲಿಗೂ ಸ್ವಲ್ಪ ಅರ್ಥ ಆಗ್ಬಹುದು."

ಆ ದಿನ ನನ್ನ ಮನೆಯ ಮುಂದೆ ಶಾಮಿಯಾನ ಹಾಕಿದರು, ರಾಜಧಾನಿಯಿಂದ ಕಾರ್ಯದರ್ಶಿ ಬಂದರು, ಬ್ಯಾಂಡಿನವರು ಬಂದರು. ನಾನು 'ತಾವು ನಿರ್ಗಮಿಸಬಹುದು' ಎಂದೆ. ಹಾದಿಮನಿಯವರು 'ನಿರ್ಗಮಿಸುತ್ತೇನೆ' ಎಂದು ಪಾಲಿಶ್ ಮಾಡಿದ ಬೂಟಿನ ಕಾಲನ್ನು ಎತ್ತಿದರು. ಕಾಲು ಹೊಸ್ತಿಲ ನೇರಕ್ಕೆ ಬಂದು ಗಾಳಿಯಲ್ಲೇ ನಿಂತಿತು. ಅವರು ಮುಂದಕ್ಕೆ ಬಾಗಿದರು, ಕಾಲು ಬಾಗಲಿಲ್ಲ. ಬ್ಯಾಂಡು ಬಾರಿಸಲು ಶುರುಮಾಡಿ, ಏನೋ ಸರಿಯಿಲ್ಲವೆಂದು ಕಂಡು, ಒಂದೊಂದೇ ವಾದ್ಯವಾಗಿ ನಿಂತಿತು.

"ಇನ್ನೊಂದ್ಸಲ ಹೇಳಿ ಮೇಡಂ" ಎಂದರು ಅಮಲ್ದಾರರು. "ಸ್ವಲ್ಪ ಜೋರಾಗಿ."

ಜೋರಾಗಿ ಹೇಳಿದರೂ ಅಷ್ಟೇ ಆಯಿತು. ಕಾರ್ಯದರ್ಶಿ ಬಂದ ಕಾರಿನಲ್ಲೇ ಹೊರಟುಹೋದರು. ಇದು ಬೇಕೆಂದೇ ಮಾಡಿದ ಮೋಸ ಎಂದು ಆಚೆ ದೇಶ ಘೋಷಿಸಿತು. ದೋಣಿಯಿಂದ ಇಳಿಸಿಕೊಂಡ ಉಮಾಪತಿಯನ್ನು ದೊಡ್ಡ ಸೆರೆಮನೆಗೆ ಸಾಗಿಸಿದರು. ಹುಣ್ಣಿಮೆ ಕಳೆದ ಮೇಲೆ ವಿಚಾರಣೆ ಎಂದು ಪತ್ರಿಕೆಯಲ್ಲಿ ಬಂತು. ಗೂಢಚಾರರಿಗೆ ಅಲ್ಲಿ ಇರುವುದು ಒಂದೇ ಶಿಕ್ಷೆ. ಗಿರಿಜಾಳನ್ನು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅವತ್ತು ನಾನು ನಿಶ್ಚಯ ಮಾಡಿದೆ. ಐವರನ್ನು ಹಿಡಿದಿಟ್ಟರೆ ಉಮಾಪತಿ ಉಳಿಯುತ್ತಾನೆ ಎಂಬ ಅಮಲ್ದಾರರ ತರ್ಕ ಪ್ರಯೋಗದಲ್ಲಿ ಬಿದ್ದುಹೋಗಿತ್ತು. ಬಿದ್ದ ತರ್ಕವನ್ನು ಹಿಡಿದುಕೊಂಡು ಕೂರುವವಳು ನಾನಲ್ಲ. ಇವರನ್ನು ಕಳಿಸುತ್ತೇನೆ, ಯಾರ ಅಪ್ಪಣೆಗೂ ಕಾಯುವುದಿಲ್ಲ ಎಂದುಕೊಂಡೆ.

ಮರುದಿನ ಹಿತ್ತಲ ಬಾಗಿಲಲ್ಲಿ ಮೈಬೂಬಸಾಬರನ್ನು ನಿಲ್ಲಿಸಿ, ಮೆಲ್ಲಗೆ "ಹೋಗಿ ಬನ್ನಿ" ಎಂದೆ. "ಬರ್ತೀನ್ರೀ ಅಕ್ಕಾರ, ನಿಮಗ ಸಾರು ಕಲಿಸಾಕರ ಬರ್ತೀನಿ" ಎಂದರು. ಅವರ ಹೆಬ್ಬೆರಳು ಸಲೀಸಾಗಿ ಹೊಸ್ತಿಲಿನಾಚೆ ಹೋಯಿತು. ತಕ್ಷಣ ಹಿಂದಕ್ಕೆ ಎಳೆದುಕೊಂಡರು. ಸಾಹೇಬರನ್ನು ಬಿಟ್ಟು ಹೋಗುವುದಿಲ್ಲ ಎಂಬುದು ಅವರೆಲ್ಲರ ಹಟ. ಗಿರಿಜಾಳ ಕಾಲೂ ದಾಟಿತು, ಗುಮಾಸ್ತರ ಕಾಲುಗಳೂ ದಾಟಿದವು. ಕೊನೆಗೆ ಹಾದಿಮನಿಯವರು ಬಂದು ನಿಂತರು. ನಾನು ಹೇಳಬೇಕಾದ್ದು ಹೇಳಿದೆ, ಅವರು ಹೇಳಬೇಕಾದ್ದು ಹೇಳಿದರು. ಕಾಲು ಕದಲಲಿಲ್ಲ. ತಿರುಗಿ ಕೋಣೆಗೆ ಹೋದರು.

ತಪ್ಪು ಯಾರ ಮಾತಿನಲ್ಲಿದೆ, ನನ್ನದರಲ್ಲೋ ಅವರದರಲ್ಲೋ? ಎರಡು ಅಜ್ಞಾತಗಳಿಗೆ ಒಂದು ಸಮೀಕರಣ ಸಾಲದು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದ ಮಾತು. ನೇರವಾಗಿ ಕೇಳಿಯೇಬಿಡುತ್ತೇನೆಂದು ಅವರ ಕೋಣೆಯ ಬಾಗಿಲು ತಟ್ಟಿದೆ.

"ಬರ್ರಿ" ಎಂದರು. ಬಾಗಿಲು ತಟ್ಟಿದವರಿಗೆ ಯಾರಾದರೂ ಅನ್ನುವಂತೆ ಅಂದರು. ನಾನೂ ಯಾರಾದರೂ ಹೋಗುವಂತೆ ಒಳಗೆ ಹೋದೆ.

"ನಾಳೆ ನಾನು ಮನಸಾರೆ ಹೇಳ್ತೀನಿ. ನೀವೂ ಮನಸಾರೆ ಬರ್ತೀನಿ ಅನ್ನಬೇಕು. ನಿಮ್ಮಿಂದ ಆಗುತ್ತಾ ಇಲ್ವಾ, ಅದನ್ನ ಹೇಳಿ."

"ಸುಳ್ಳು ಹೆಂಗ ಹೇಳ್ಲಿ ಬಾಯಾರ? ಈ ಮನೀಗೆ ನಾ ಮತ್ತ ಬರಾಂವ ಅಲ್ಲ. ನೀವರ ನಾ ಮತ್ತ ಬರಲಿ ಅಂತೀರೇನು?"

"ಇಲ್ಲ" ಎಂದೆ. "ಹಾಗಾದ್ರೆ ಇಬ್ಬರೂ ಇಲ್ಲೇ ಕೊಳೆಯೋಣ ಬಿಡಿ" ಎಂದು ಸಿಟ್ಟಿನಿಂದ ತಿರುಗಿ ಹೊರಟೆ. ನನ್ನ ಕಾಲು ಕೋಣೆಯ ಹೊಸ್ತಿಲಲ್ಲಿ ನಿಂತಿತು.

ಬಾಡಿಗೆದಾರರಿರುವ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಒಂದು ಕೋಣೆಯಲ್ಲಿ ಉಂಡು ಮಲಗಿ ತಿಂಗಳು ಕಳೆದವರಿಗೆ ಆ ಕೋಣೆಯ ಹೊಸ್ತಿಲು ಸೇರುತ್ತದೆ. ನಾನು ನನ್ನದೇ ಮನೆಯಲ್ಲಿ ಅತಿಥಿಯಾಗಿದ್ದೆ. ಇನ್ನೊಮ್ಮೆ ಕಾಲೆತ್ತಿದೆ. ಗಾಳಿ ಗೋಡೆಯಾಗಿತ್ತು.

ಹಿಂದೆ ಒಂದು ಸದ್ದಾಯಿತು. ರಾಯಭಾರಿ ನಗುತ್ತಿದ್ದರು. ಅಷ್ಟು ತಿಂಗಳಲ್ಲಿ ಮೊದಲ ಸಲ. ಕನ್ನಡಕ ತೆಗೆದು ಕಣ್ಣೊರಸಿಕೊಂಡು ನಕ್ಕರು. "ಖುರ್ಚಿ ಮ್ಯಾಲ ಕೂಡ್ರಿ ಬಾಯಾರ. ನಮ್ಮ ದೇಶ ಇವತ್ತ ನಿಮ್ಮನ್ನ ಒತ್ತಿ ಇಟ್ಟುಕೊಂಡೈತಿ."

"ಹೋಗಿ ಬರ್ರಿ ಅನ್ನಿ. ಮಕ್ಕಳಿಗೆ ಪಾಠ ಇದೆ."

"ಹೋಗಿ ಬರ್ರಿ."

"ಬರ್ತೀನಿ" ಎಂದು ಕಾಲಿಟ್ಟೆ. ಆಗಲಿಲ್ಲ.

"ನೀವು ಹೋಗಲಿ ಅಂತ ಮನಸಿನಾಗ ಐತಿ" ಎಂದರು ಪ್ರಾಮಾಣಿಕವಾಗಿ. "ಬರಲಿ ಅಂತ ಇಲ್ಲ. ಏನು ಮಾಡೂದು?"

ಬೇರೆ ದಾರಿಯಿಲ್ಲದೆ ಕುಳಿತೆ. ಹೊರಗೆ ಮೈಬೂಬಸಾಬರ ರೊಟ್ಟಿಯ ಸದ್ದು ಕೇಳುತ್ತಿತ್ತು. ಸಿಟ್ಟು ಇಳಿದ ಮೇಲೆ, ಆ ಮೊದಲ ದಿನ ಎಲೆಯ ಮುಂದೆ ಕೇಳಬೇಕೆಂದಿದ್ದದ್ದನ್ನು ಕೇಳಿದೆ. "ನನ್ನ ತಮ್ಮ ಗೂಢಚಾರ ಅಂತ ನಿಮ್ಮವರಿಗೆ ಹೇಳಿದ್ದು ಯಾರು?"

ಅವರು ಕಿಟಕಿಯ ಕಡೆ ತಿರುಗಿದರು. "ನಾನು. ನಮ್ಮ ಕಚೇರಿ ಮಾಳಿಗಿ ಮ್ಯಾಲಿಂದ ದಿನಾ ನೋಡ್ತಿದ್ದೆ. ದೋಣಿ ನಡುನೀರಿಗೆ ಬರತಿತ್ತು. ಗುಂಡಿನಂಥಾ ಕಬ್ಬಿಣದ ವಸ್ತು ನೀರಿಗೆ ಇಳಿಸ್ತಿದ್ದ, ಎತ್ತತಿದ್ದ, ಏನೋ ಬರಕೋತಿದ್ದ. ದಿಬ್ಬದ ಸುತ್ತ ಸಿಡಿಮದ್ದು ಇಡಾಕತ್ತಾನಂತ ತಂತಿ ಹೊಡೆದೆ. ಕಂಡದ್ದು ತಿಳಿಸೂದು ನನ್ನ ಕೆಲಸ."

ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಬೇಕೆನಿಸಿತು. ಹೋಗಲು ಆಗುತ್ತಿರಲಿಲ್ಲ. ಆ ಹೊಸ್ತಿಲು ನನ್ನನ್ನು ಅಲ್ಲಿ ಹಿಡಿದು ಕೂರಿಸದಿದ್ದರೆ ಮುಂದಿನ ಮಾತು ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಹೋಗಲಾಗದ್ದಕ್ಕೆ ಪಾಠ ಮಾಡಿದೆ. ನನಗೆ ಬರುವುದು ಅದೊಂದೇ.

ಮೇಜಿನ ಮೇಲೆ ಅವರ ಕುಡಿಯುವ ನೀರಿನ ಲೋಟವಿತ್ತು. ಕಿಟಕಿಯ ಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಅದರಲ್ಲಿ ಹಾಕಿ ಚಮಚದಿಂದ ಕದಡಿದೆ. "ನೀರು ತಿರುಗೋವಾಗ ಮಣ್ಣು ತೇಲುತ್ತೆ. ನಿಧಾನ ಆದ ಕಡೆ ಕೆಳಗೆ ಕೂರುತ್ತೆ. ನಮ್ಮ ನದಿ ಆ ತಿರುವಿನಲ್ಲಿ ನಿಧಾನ ಆಗುತ್ತೆ, ಅದಕ್ಕೇ ದಿಬ್ಬ ಅಲ್ಲಿ ಎದ್ದಿದೆ. ಆ ಮಣ್ಣು ಯಾವ ದಡದ್ದು ಅಂತ ಕೇಳಿದ್ರೆ, ಎರಡೂ ದಡದ್ದು. ಉಮಾಪತಿ ಅಳೀತಿದ್ದದ್ದು ಅದನ್ನ. ನೀವು ನೋಡಿದ ಗುಂಡು ಒಂದು ಸೀಸೆ. ತಳಕ್ಕೆ ಹೋದ ಮೇಲೆ ಬಾಯಿ ತೆರೆಯುತ್ತೆ, ಅಲ್ಲಿನ ನೀರು ತುಂಬ್ಕೊಳ್ಳುತ್ತೆ."

ಲೋಟದ ತಳದಲ್ಲಿ ಮಣ್ಣು ಮೆಲ್ಲಗೆ ಕೂರುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ನೀರಿನೊಳಗ ಬಾಯಿ ತೆರೀತೈತಿ? ಅದು ಹೆಂಗ್ರಿ? ಮ್ಯಾಲಿನ ನೀರು ಒಳಗ ಹೊಗಂಗಿಲ್ಲೇನು?"

"ಬಾಯಿಗೆ ಒಂದು ಬಿರಡೆ ಇದೆ. ಮೇಲಿಂದ ಹಗ್ಗ ಜಗ್ಗಿದ್ರೆ ಬಿಡುತ್ತೆ. ಹಳೇ ಸೀಸೆ ಒಂದು ಅಟ್ಟದ ಮೇಲಿದೆ."

"ಮನ್ಯಾಗ ಐತಿ?" ಅವರು ತಟ್ಟನೆ ಎದ್ದು ನಿಂತರು. "ಹಂಗಾರ ಹೋಗಿ ತಗೊಂಡ ಬರ್ರಿ ಬಾಯಾರ! ನಾ ನೋಡಬೇಕದನ್ನ. ನನ್ನ ತಂತಿ ಸುಳ್ಳೋ ಖರೆಯೋ ಗೊತ್ತಾಗಬೇಕು. ಹೋಗಿ ಬರ್ರಿ, ಹೋಗಿ ಬರ್ರಿ."

"ಬರ್ತೀನಿ" ಎಂದು ಓಡಿದವಳು ಅಟ್ಟದ ಏಣಿ ಹತ್ತಿದ ಮೇಲೆ ನಿಂತೆ. ನಾನು ಹೊಸ್ತಿಲು ದಾಟಿ ಬಂದಿದ್ದೆ.

ಏಣಿಯ ಮೇಲೆ ನಿಂತೇ ಯೋಚಿಸಿದೆ. ಅವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿರಲಿಲ್ಲ, ನನಗೂ ಅವರ ಮೇಲೆ ಹುಟ್ಟಿರಲಿಲ್ಲ. ನಾನು ಒಂದು ವಸ್ತು ಹಿಡಿದುಕೊಂಡು ತಿರುಗಿ ಬರುವುದು ಅವರಿಗೆ ಬೇಕಾಗಿತ್ತು. ಹೊಸ್ತಿಲಿಗೆ ಅಷ್ಟೇ ಸಾಕಾಗಿತ್ತು. ನಾವು ಹುಟ್ಟಿದಾಗಿನಿಂದ ಮನಸಾರೆ, ಮನಸಾರೆ ಎನ್ನುತ್ತ ಬಂದದ್ದಕ್ಕೆ ಅದೇ ಅರ್ಥ ಎಂದು ನನಗೆ ಆ ಅಟ್ಟದಲ್ಲಿ ತಿಳಿಯಿತು.

ಕೋಣೆಯ ಹೊರಗೇ ನಿಂತು ಸೀಸೆಯನ್ನು ಅವರ ಕೈಗೆ ಕೊಟ್ಟೆ. ಹಗ್ಗ ಜಗ್ಗಿ, ಬಿಟ್ಟು, ಹಂಡೆಯ ನೀರಿನಲ್ಲಿ ಮುಳುಗಿಸಿ ನೋಡಿದರು. ಎಲ್ಲ ಆದ ಮೇಲೆ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು. "ತಪ್ಪಾತು" ಎಂದರು.

ಬೆಳಿಗ್ಗೆ ಮುಂಬಾಗಿಲಿಗೆ ಐವರನ್ನೂ ಕರೆತಂದೆ. ಗೇಟಿನ ಪೊಲೀಸರಲ್ಲಿ ಒಬ್ಬ ಅಮಲ್ದಾರರನ್ನು ಕರೆತರಲು ಓಡಿದ. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದರು. "ಮೇಡಂ, ಬೇಡ! ದೇಶದ್ರೋಹ ಆಗುತ್ತೆ! ಕೆಲಸ ಹೋಗು‍ತ್ತೆ ನಿಮ್ಮದು! ತಮ್ಮನನ್ನ ನೀವೇ ಕೊಲ್ತಿದ್ದೀರಿ!"

ನಾನು ಮೈಬೂಬಸಾಬರಿಗೆ ಹೇಳಿದೆ, ಗಿರಿಜಾಳಿಗೆ ಹೇಳಿದೆ, ಗುಮಾಸ್ತರಿಗೆ ಹೇಳಿದೆ. ನಾಲ್ವರೂ ಬೀದಿಗಿಳಿದು ನಿಂತರು. ಆಮೇಲೆ ರಾಯಭಾರಿಯ ಮುಖ ನೇರವಾಗಿ ನೋಡಿದೆ.

"ಹಾದಿಮನಿಯವರೇ, ಹೋಗಿ ನನ್ನ ತಮ್ಮನನ್ನ ಕರ್ಕೊಂಡು ಬನ್ನಿ. ಹೋಗಿ ಬನ್ನಿ."

ಬದುಕಿನಲ್ಲಿ ಇನ್ಯಾರಿಗೂ ಆ ಮಾತನ್ನು ಅಷ್ಟು ಬಿಗಿಯಾಗಿ ಹೇಳಿಲ್ಲ. ಅವರು ರುಮಾಲು ಸರಿಮಾಡಿಕೊಂಡರು. "ಬರ್ತೀನ್ರಿ ಬಾಯಾರ."

ಅವರ ಕಾಲು ಹೊಸ್ತಿಲ ಮೇಲಿಂದ, ಅಲ್ಲೇನೂ ಇಲ್ಲವೆಂಬಂತೆ, ಹಾದುಹೋಯಿತು. ಅಮಲ್ದಾರರು ಕೈ ಚಾಚಿ, ಚಾಚಿದ ಕೈಯನ್ನೇ ನೋಡಿ, ಹಿಂದಕ್ಕೆ ತೆಗೆದುಕೊಂಡರು. ಅತಿಥಿಗಳ ಮೇಲೆ ಯಾರೂ ಕೈಹಾಕುವುದಿಲ್ಲ ಎಂದು ಸರ್ಕಾರ ಜಗತ್ತಿಗೆಲ್ಲ ಸಾರಿ ಆಗಿತ್ತಲ್ಲ. ಐವರೂ ನಡುಬೀದಿಯಲ್ಲಿ ನಡೆದು ನದಿಯ ಕಡೆ ಹೋದರು.

ಆಮೇಲಿನ ದಿನಗಳನ್ನು ಉದ್ದ ಮಾಡುವುದಿಲ್ಲ. ನನ್ನನ್ನು ಕೆಲಸದಿಂದ ತೆಗೆದರು. ಹಾಲಿನವನು ನನ್ನ ಗೇಟಿನ ಮುಂದೆ ಗಂಟೆ ಬಾರಿಸುವುದನ್ನು ಬಿಟ್ಟ. ಯಾರೋ ಗೋಡೆಯ ಮೇಲೆ ಇದ್ದಿಲಿನಿಂದ 'ದೇಶದ್ರೋಹಿ' ಎಂದು ಬರೆದರು, ನಾನು ಒರೆಸಿದೆ, ಮತ್ತೆ ಬರೆದರು, ಮತ್ತೆ ಒರೆಸಿದೆ. "ಆಚೆಯವರು ಬರ್ತಾರೆ ಅಂತ ನಂಬ್ಕೊಂಡಿದ್ದೀರಾ?" ಎಂದು ಪಕ್ಕದ ಮನೆಯ ಸೀತಮ್ಮ ಬೇಲಿಯ ಮೇಲಿಂದ ಕೇಳಿದರು. "ನಂಬಿಕೆ ಅಲ್ಲ ಸೀತಮ್ಮ. ಕಾಲು ದಾಟಿತು. ನೋಡಿದ್ದೀನಿ" ಎಂದೆ. ಹುಣ್ಣಿಮೆ ಬಂದು ಕಳೆಯಿತು. ಪತ್ರಿಕೆಯಲ್ಲಿ ವಿಚಾರಣೆಯ ಸುದ್ದಿಯೇ ಇರಲಿಲ್ಲ. ದಿನವೂ ಉಮಾಪತಿಯ ಕೋಣೆ ಗುಡಿಸಿ, ಅವನಿಗೂ ಸೇರಿಸಿ ಅನ್ನಕ್ಕಿಟ್ಟು, ಮಿಕ್ಕದ್ದನ್ನು ಮರುದಿನ ನಾನೇ ಉಣ್ಣುತ್ತಿದ್ದೆ. ಮೈಬೂಬಸಾಬರ ಹಾಗೆ ಸಾರು ಮಾಡಲು ಕಲಿತೆ.

ಒಂದು ಮಧ್ಯಾಹ್ನ ಬೀದಿಯಲ್ಲಿ ಗದ್ದಲವಾಯಿತು. ಬಾಗಿಲಿಗೆ ಬಂದೆ. ಜನರ ನಡುವೆ ಎರಡು ತಲೆ ಕಾಣಿಸಿದವು. ಒಂದಕ್ಕೆ ಬಿಳಿಯ ರುಮಾಲು. ಇನ್ನೊಂದು ಬೋಳಿಸಿದ ತಲೆ, ತೆಳ್ಳಗಾದ ಕತ್ತು. ಅವನೇ. ಅವನು ಯಾರ ಮಾತಿಗೂ ಕಾಯದೆ ಮೆಟ್ಟಿಲು ಹತ್ತಿ, ನನ್ನ ಪಕ್ಕದಲ್ಲೇ ನುಸುಳಿ ಒಳಗೆ ಹೋಗಿ, "ಅಕ್ಕಾ, ಹಸಿವು" ಎಂದ. ಮನೆಯವನು ಹಾಗೆಯೇ ಬರುತ್ತಾನೆ.

ಹಾದಿಮನಿಯವರು ಮೆಟ್ಟಿಲ ಕೆಳಗೆ ನಿಂತಿದ್ದರು. ಧೂಳು ತುಂಬಿದ ಬೂಟು, ಬೆವರಿದ ಮುಖ. ತಮ್ಮ ರಾಜಧಾನಿಯಲ್ಲಿ ತಮ್ಮದೇ ತಂತಿಯ ವಿರುದ್ಧ ತಾವೇ ಸಾಕ್ಷಿ ಹೇಳಿ, ಹುದ್ದೆ ಕಳೆದುಕೊಂಡರೆಂದು ಉಮಾಪತಿ ಆಮೇಲೆ ಹೇಳಿದ. ಅಷ್ಟು ಹೊತ್ತಿಗೆ ಅಮಲ್ದಾರರು ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಿದ್ದರು. ದಿಬ್ಬದ ವಿವಾದ ಇನ್ನೂ ಮುಗಿದಿರಲಿಲ್ಲ.

"ಮೇಡಂ, ಕರೀರಿ ಒಳಗೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಹುದ್ದೆ ಹೋದ್ರೇನು, ದೊಡ್ಡ ಮನುಷ್ಯ. ಒಂದೇ ಮಾತು. ನಿಮ್ಮ ಕೆಲಸ ನಾಳೆಯೇ ವಾಪಸ್." ಆಮೇಲೆ ಎಲ್ಲರಿಗೂ ಕೇಳುವಂತೆ, "ಏನ್ ಮೇಡಂ, ತಮ್ಮನನ್ನ ತಂದುಕೊಟ್ಟವರನ್ನ ಬಿಸಿಲಲ್ಲಿ ನಿಲ್ಲಿಸ್ತೀರಾ? ಬನ್ನಿ ಅನ್ನೋ ಮರ್ಯಾದೆನೂ ಇಲ್ವಾ?"

ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಮಾತು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು. ಅದನ್ನು ನುಂಗಿಕೊಂಡೆ. ಒಳಗೆ ಹೋಗಿ ಕುರ್ಚಿಯನ್ನು ತಂದು ಬೀದಿಯಲ್ಲಿ ಹಾಕಿದೆ. ಸಣ್ಣ ಮೇಜು ತಂದು ಅದರ ಮುಂದಿಟ್ಟೆ. ಎಲೆ ಹಾಸಿ ಬಡಿಸಿದೆ. ಬಿಸಿಲಿಗೆ ಅಡ್ಡವಾಗಿ ಉಮಾಪತಿ ಒಂದು ಕೊಡೆ ಹಿಡಿದು ನಿಂತ. ಹಾದಿಮನಿಯವರಿಗೆ ಎಲ್ಲ ಅರ್ಥವಾಗಿತ್ತು. ಕುಳಿತು, ನಡುಬೀದಿಯಲ್ಲಿ, ಊರೆಲ್ಲ ನೋಡುತ್ತಿರುವಂತೆ, ಸಾವಕಾಶವಾಗಿ ಉಂಡರು. ಸಾರಿಗೆ ಬಂದಾಗ ತಲೆ ಎತ್ತಿ, "ಈಗ ಸಾರು ಆತು" ಎಂದರು. ಎಲೆ ಅಡಿಕೆಯನ್ನು ಈ ಸಲ ಬಾಯಿಗೆ ಹಾಕಿಕೊಂಡರು.

ಎದ್ದು ಕೈ ತೊಳೆದು ನನ್ನ ಮುಂದೆ ನಿಂತರು. "ಈಗ ನಿಮ್ಮ ಅಪ್ಪಣಿ ಬೇಕಾಗಿಲ್ಲಲ್ರಿ?"

"ಬೇಕಾಗಿಲ್ಲ."

"ಹಂಗಾರ ಹೋಗ್ತೀನಿ."

ನಮ್ಮೂರಲ್ಲಿ ಆ ಮಾತನ್ನು ಹಾಗೆ ಬರಿದಾಗಿ ಯಾರೂ ಯಾರಿಗೂ ಹೇಳುವುದಿಲ್ಲ. ಗುಂಪಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಅವರು ನಿಧಾನವಾಗಿ ಬೀದಿಯ ತಿರುವಿನವರೆಗೆ ನಡೆದರು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು, ಆ ರುಮಾಲು ಕಣ್ಣಿಗೆ ಮರೆಯಾಗುವವರೆಗೆ ಹಾಗೆಯೇ ನಿಂತೆ.